ಅತ್ತೆ ಮೆಚ್ಚಿದ ಕೂದಲು

ಸ್ವಂತ ತಲೆಯ ಮೇಲೆ ಸ್ವಂತ ಕೂದಲು ಬೆಳೆಸುವುದು ಇಷ್ಟು ದೊಡ್ಡ ಅಪರಾಧವೆಂದು ಮೊದಲೇ ಗೊತ್ತಿದ್ದರೆ ನಾನು ಹಿತ್ತಲಲ್ಲಿ ಬದನೆ ಬೆಳೆಸಿಕೊಂಡು ಸುಖವಾಗಿರುತ್ತಿದ್ದೆ. ಬದನೆಯನ್ನು ಎಳೆದು ನೋಡಿ, "ಇದನ್ನ ಸ್ವಲ್ಪ ನೇರ ಮಾಡಿಸಬಾರದಾ?" ಎಂದು ಯಾರೂ ಕೇಳುವುದಿಲ್ಲ.

ನಾನೂ ಎಲ್ಲರಂತೆ ಕೂದಲು ನೇರ ಮಾಡುವ ಆ ಕ್ರೀಮು ಬಳಿಸಿಕೊಂಡವಳೇ. ನೆತ್ತಿ ಚುರುಗುಟ್ಟಿದರೂ ಪಾರ್ಲರಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಹಲ್ಲು ಕಚ್ಚಿ ಕೂತವಳೇ. ಒಂದು ದಿನ ಬಾಚಣಿಗೆಯ ಜೊತೆ ಒಂದು ಹಿಡಿ ಕೂದಲೂ ಕಿತ್ತು ಬಂತು. ನನಗೆ ರೇಗಿಹೋಯಿತು. ಕತ್ತರಿ ತಂದು, ಕ್ರೀಮು ಕಂಡ ಕೂದಲನ್ನೆಲ್ಲ ಕತ್ತರಿಸಿ ಎಸೆದೆ. ಉಳಿದದ್ದು ಬೆರಳಿನ ಉಗುರಿನಷ್ಟು, ಆದರೆ ದೇವರು ಕೊಟ್ಟ ಅಪ್ಪಟ ಗುಂಗುರು.

ನನ್ನ ಗಂಡ ಒಪೊಕು, ಮರಗೆಣಸು ಬೇಯಿಸಿ ಕುಟ್ಟಿದ ಫುಫು ಮುದ್ದೆಯ ತಟ್ಟೆಯಿಂದ ತಲೆಯೆತ್ತಿ ನೋಡಿದರು.

"ಸೆರ್ವಾ, ಭಾನುವಾರ ಅಮ್ಮ ಬರ್ತಾಳೆ," ಎಂದರು. (ಗಂಡಸರಿಗೆ ಸೌಂದರ್ಯಪ್ರಜ್ಞೆ ಇರುವುದಿಲ್ಲ, ಮುಂದಾಲೋಚನೆ ಮಾತ್ರ ಇರುತ್ತದೆ.)

ಅತ್ತೆ ಮಾಮೆ ಪೊಕುವಾ ಕುಮಾಸಿಯ ಪೇಟೆಯಲ್ಲಿ ಬಟ್ಟೆ ಮಾರುವವರು. ಯಾವ ಸರಕನ್ನೇ ಆಗಲಿ ಬಾಗಿಲಲ್ಲೇ ಅಳೆದುಬಿಡುತ್ತಾರೆ. ಭಾನುವಾರ ನನ್ನನ್ನೂ ಹಾಗೇ ಅಳೆದರು.

"ಯಾವ ಸ್ಕೂಲಿಗೆ ಸೇರಿಸಿದ್ದಾರಮ್ಮ ನಿನ್ನ? ಯೂನಿಫಾರಂ ಎಲ್ಲಿ?"

(ನಮ್ಮಲ್ಲಿ ಶಾಲೆಯ ಹುಡುಗಿಯರು ತಲೆಗೂದಲನ್ನು ಹೀಗೆ ಮೊಟಕಾಗಿ ಕತ್ತರಿಸಿರಬೇಕು. ನನಗಾದರೋ ಶಾಲೆಗೆ ಹೋಗುವ ಮಕ್ಕಳಿದ್ದಾರೆ.)

"ಇದು ನನ್ನ ಸಹಜವಾದ ಕೂದಲು, ಅತ್ತೆ."

"ಮರಗೆಣಸೂ ಸಹಜವೇ ಕಣೇ! ಬೇಯಿಸಿ ಕುಟ್ಟದೆ ತಿಂತೀಯಾ?"

ಆ ಕ್ಷಣವೇ ಘೋರ ಪ್ರತಿಜ್ಞೆ ಮಾಡಿದೆ: ಈ ಹೆಂಗಸಿನ ಬಾಯಿಂದಲೇ ನನ್ನ ಕೂದಲಿಗೆ "ಚೆನ್ನಾಗಿದೆ" ಎನ್ನಿಸದಿದ್ದರೆ ನಾನು ಸೆರ್ವಾ ಅಲ್ಲ.

ತಪಸ್ಸು ಶುರುವಾಯಿತು. ಶಿಯಾ ಬೀಜದ ಬೆಣ್ಣೆ, ಲೋಳೆಸರ, ಮೊಟ್ಟೆ ಎಲ್ಲವೂ ತಲೆಗೇ. ಒಪೊಕು ಬೆಣ್ಣೆಹಣ್ಣಿಗೆ ಕೈ ಹಾಕಿದರೆ, "ಮುಟ್ಟಬೇಡಿ ರೀ, ಅದು ನನ್ನ ತಲೆಗೆ!" ಎಂದು ಕಿರುಚುತ್ತಿದ್ದೆ. ಶನಿವಾರಗಳೆಲ್ಲ ಸಿಕ್ಕು ಬಿಡಿಸುವುದರಲ್ಲೇ ಮುಳುಗಿಹೋದವು. ದಿಂಬುಗಳು ಎಣ್ಣೆ ಕುಡಿದು ಭಾರವಾದವು.

"ನಾನು ಹೆಂಡತಿ ಪಕ್ಕ ಮಲಗ್ತಿದ್ದೀನೋ, ಬಾಣಲೆ ಪಕ್ಕಾನೋ?" ಎಂದು ಒಪೊಕು ಗೊಣಗಿದರು.

ಅತ್ತೆಯಂತೂ ಬಂದಾಗಲೆಲ್ಲ ಎಣ್ಣೆ ಮೆತ್ತಿ ಅಂಟಿಕೊಂಡ ನನ್ನ ತಲೆಯನ್ನು ನೋಡಿ, ತಮ್ಮ ಚೀಲದಿಂದ ಬಾಚಣಿಗೆ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ನನ್ನ ತಲೆಯ ಸುತ್ತ ದಟ್ಟವಾದ, ಗುಂಡಗಿನ, ಮಿರುಗುವ ಕೂದಲು ಎದ್ದು ನಿಂತಿತ್ತು. ನಾದಿನಿಯ ಮಗುವಿನ ನಾಮಕರಣಕ್ಕೆ ಬಿಳಿ ಉಡುಪು ತೊಟ್ಟು ಮಹಾರಾಣಿಯಂತೆ ಹೊಕ್ಕೆ. ಅತ್ತೆ ಬಾಯಿ ಮೇಲೆ ಕೈಯಿಟ್ಟರು.

"ಅಯ್ಯೋ ದೇವ್ರೇ! ಎಷ್ಟು ಚೆನ್ನಾಗಿದೆಯೇ!"

ಗೆದ್ದೆ! ಕಣ್ಣಲ್ಲಿ ನೀರೇ ಬಂತು.

"ಅಂತೂ ಬುದ್ಧಿ ಬಂತಲ್ಲ! ಎಲ್ಲಿ ತಗೊಂಡೆ ಈ ವಿಗ್ಗು?"

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಮ್ಮ ಅಕ್ಕತಂಗಿಯರನ್ನೆಲ್ಲ ಕೂಗಿ, "ಬನ್ರೇ, ನನ್ನ ಸೊಸೆ ನೋಡ್ರೇ!" ಎನ್ನುತ್ತಿದ್ದರು. ಅಲ್ಲಿಯವರೆಗೆ ನಾನು ಬರೀ "ಒಪೊಕು ಹೆಂಡ್ತಿ". ಆ ಅರಳಿದ ಮುಖವನ್ನು ಬಾಡಿಸಲು ಮನಸ್ಸು ಬರಲಿಲ್ಲ.

"ಪೇಟೇಲಿ, ಅತ್ತೆ," ಎಂದುಬಿಟ್ಟೆ. ಒಪೊಕುಗೆ ಕುಡಿಯುತ್ತಿದ್ದುದು ನೆತ್ತಿಗೇರಿತು.

"ಹಾಗಾದ್ರೆ ಬರೋ ಭಾನುವಾರ ಚರ್ಚಿಗೆ ನಂಗೆ ಕೊಡು. ಇಲ್ಲಿ ತೆಗಿ, ಅಳತೆ ನೋಡ್ತೀನಿ," ಎಂದು ಕೈ ಹಾಕಿಯೇಬಿಟ್ಟರು.

"ಈಗ ಬೇಡ ಅತ್ತೆ! ಒಳಗೆ ತಲೆ ಸರಿಯಿಲ್ಲ!"

"ಅದು ನಂಗೆ ಮೊದ್ಲಿಂದಲೂ ಗೊತ್ತು," ಎಂದು ಕೈ ತೆಗೆದರು.

ಆ ವಾರವಿಡೀ ನನ್ನ ತಲೆಯನ್ನೇ ಮಾದರಿಯಾಗಿ ಹೊತ್ತು ಅದರಂಥದೇ ವಿಗ್ಗಿಗಾಗಿ ಪೇಟೆ ಅಲೆದೆ.

"ತಲೆ ಮೇಲಿರೋದನ್ನ ಯಾರ ಹತ್ರ ತಗೊಂಡ್ರೋ ಅವರನ್ನೇ ಕೇಳ್ರೀ!" ಎಂದು ಅಂಗಡಿಯವಳೊಬ್ಬಳು ಗದರಿದಳು. (ಅವಳು ಹೇಳಿದ ವ್ಯಾಪಾರಿ ಸ್ವರ್ಗದಲ್ಲಿದ್ದಾನೆ.) ಕಾಲು ಬಿದ್ದುಹೋಗುವ ಹೊತ್ತಿಗೆ ಒಂದು ಸಿಕ್ಕಿತು.

ಭಾನುವಾರ ಅತ್ತೆ ಅದನ್ನು ಧರಿಸಿ ಮೊದಲ ಸಾಲಿನಲ್ಲಿ ಕೂತರು. ನಾನು ನನ್ನ ಕೂದಲು ಯಾರಿಗೂ ಕಾಣದಂತೆ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಬೆವರುತ್ತಾ ಅವರ ಹಿಂದೆ ಕೂತೆ. ಪ್ರಾರ್ಥನೆ ಮುಗಿದದ್ದೇ ತಡ, ಗೆಳತಿಯರೆಲ್ಲ ಅತ್ತೆಯನ್ನು ಮುತ್ತಿಕೊಂಡರು.

"ನನ್ನ ಸೊಸೆ ಕೊಟ್ಟಿದ್ದು," ಎಂದು ಅತ್ತೆ ಬೀಗಿದರು. "ಪಾಪ, ಸ್ವಂತ ಕೂದಲೇ ಬೆಳೆಸ್ತೀನಿ ಅಂತ ವರ್ಷವೆಲ್ಲ ಒದ್ದಾಡಿದ್ಲು. ಆಗ್ಲಿಲ್ಲ. ಕೊನೆಗೆ ಸೋತು ವಿಗ್ಗು ತಗೊಂಡ್ಲು."

ಹೆಂಗಸರೆಲ್ಲ ನನ್ನ ಬಟ್ಟೆ ಸುತ್ತಿದ ತಲೆಯನ್ನು ನೋಡಿ ಲೊಚಗುಟ್ಟಿದರು. ಅತ್ತೆ ಹತ್ತಿರ ಬಂದು, ಎಂದೂ ಇಲ್ಲದ ಅಕ್ಕರೆಯಿಂದ ನನ್ನ ಬೆನ್ನು ಸವರಿದರು.

"ಬೇಜಾರು ಮಾಡ್ಕೋಬೇಡ ಮಗಳೇ," ಎಂದು ವಿಗ್ಗನ್ನು ಸರಿಪಡಿಸಿಕೊಳ್ಳುತ್ತಾ ಹೇಳಿದರು. "ಇಂಥ ಕೂದಲು ದೇವ್ರು ಎಲ್ರಿಗೂ ಕೊಡಲ್ಲ."

"ಹೌದತ್ತೆ," ಎಂದೆ.