ಮಾವನನ್ನು ಗೆದ್ದ ಅಳಿಯ

ತಪ್ಪು ಸಿದ್ದುವಿನದೇ. ಕಾಫಿ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಮಾವನನ್ನು ನೋಡಲು ಬೇರೆಯವರೆಲ್ಲ ಮೂಸಂಬಿ, ಬಿಸ್ಕೆಟ್ಟು ಒಯ್ದರೆ, ಇವನು ಟಿವಿ ಗೇಮ್ ಒಯ್ದಿದ್ದ. ಎರಡು ಜಾಯ್‌ಸ್ಟಿಕ್ಕು, ಒಂದು ಫೈಟಿಂಗ್ ಕ್ಯಾಸೆಟ್ಟು. ಮಲಗಿದಲ್ಲೇ ಹೊತ್ತು ಹೋಗಲಿ ಪಾಪ ಎಂಬ ಒಳ್ಳೆಯ ಬುದ್ಧಿ.

ಮಾವ ವೀರಭದ್ರಯ್ಯನವರು ಹರೆಯದಲ್ಲಿ ಹೊಂಗಡಹಳ್ಳದ ಸುತ್ತಮುತ್ತ ಕುಸ್ತಿಯಲ್ಲಿ ಹೆಸರು ಮಾಡಿದವರು. ಮೊದಲ ದಿನ "ಇದೇನು ಮಕ್ಕಳಾಟ" ಎಂದರು. ಮರುದಿನ ಊಟಕ್ಕೆ ಕರೆದರೂ ಅವರಿಗೆ ಕೇಳಿಸಲಿಲ್ಲ. ಕಾಲಿನ ಪಟ್ಟಿ ಬಿಚ್ಚುವ ಹೊತ್ತಿಗೆ ಆ ಮನೆಯಲ್ಲಿ ಅವರ ಕೈಯಲ್ಲಿ ಒದೆ ತಿನ್ನದವರೇ ಉಳಿದಿರಲಿಲ್ಲ.

ಅಪ್ಪನ ಆರೈಕೆಗೆಂದು ಬಂದಿದ್ದ ಆಶಾ ಗಂಡನ ಮನೆಗೆ ಹೊರಡುವ ಮಾತೆತ್ತಿದಾಗಲೆಲ್ಲ ಅವರದು ಒಂದೇ ಹಟ. "ಕರ್ಕೊಂಡೋಗಕ್ಕೆ ಬಂದೋರು ಮೊದ್ಲು ನನ್ಮೇಲೆ ಒಂದಾಟ ಗೆಲ್ಲಲಿ." ಹೀಗಾಗಿ ಸಿದ್ದು ಪ್ರತಿ ಭಾನುವಾರ ಆಲೂರಿನಿಂದ ಬಸ್ಸಿನಲ್ಲಿ ಬರುವುದು, ಸೋಲುವುದು, ಹೋಳಿಗೆ ತಿಂದು ಒಬ್ಬನೇ ವಾಪಸಾಗುವುದು ನಡೆದಿತ್ತು. ಆಶಾ ಪ್ರತಿ ವಾರ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು, ಸಂಜೆ ಮತ್ತೆ ತೆಗೆದಿಡುತ್ತಿದ್ದಳು.

ಈ ಭಾನುವಾರ ಸಿದ್ದು ಬರಿಗೈಯಲ್ಲಿ ಬರಲಿಲ್ಲ. ಹಾಸನದಿಂದ ಹೊಸ ಜಾಯ್‌ಸ್ಟಿಕ್ಕು ತಂದಿದ್ದ. ಒಮ್ಮೆ ಒತ್ತಿದರೆ ಗುದ್ದಿನ ಮೇಲೆ ಗುದ್ದು ತಾನಾಗಿ ಬೀಳುತ್ತದೆ ಎಂದು ಅಂಗಡಿಯವನು ಹೇಳಿದ್ದ.

ದಾರಿಯಲ್ಲಿ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದಾಸಯ್ಯ ಅಡ್ಡಹಾಕಿದ. "ಏನ್ ಅಳಿಯಂದ್ರೆ, ಇವತ್ತಾದ್ರೂ ಹೆಂಡ್ತಿ ಸಿಕ್ತಾರಾ?"

"ನೋಡ್ಬೇಕು" ಎಂದ ಸಿದ್ದು.

"ನಾನೂ ಬತ್ತೀನಿ ನಡೀರಿ. ಹೇಳ್ಕೊಡೋರು ಒಬ್ರು ಇರಬೇಕು ಮಾರಾಯ್ರೆ."

ಮಾವನ ಮನೆಯಲ್ಲಿ ಹೊಸ ಜಾಯ್‌ಸ್ಟಿಕ್ಕನ್ನು ಟಿವಿ ಗೇಮಿಗೆ ಚುಚ್ಚಲು ಹೋದರೆ ಅದರ ಪಿನ್ನೇ ಬೇರೆ. ಸಿದ್ದು ತಿರುಗಿಸಿದ, ಮಗುಚಿದ, ದಾಸಯ್ಯ ಊದಿಯೂ ನೋಡಿದ. ವೀರಭದ್ರಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರದೋ ಮನೆ ಬೀಗದ ಕೈ ತಂದ್ಬುಟ್ಟವ್ರೆ! ಇರೋದ್ರಲ್ಲೇ ಆಡಿ. ಕಪ್ಪಗಿರೋದು ಬೇಕಾ, ಕೆಂಪಗಿರೋದಾ? ಯಾವ್ದಾದ್ರೂ ನಂಗೇನು!"

ಕಪ್ಪು ಜಾಯ್‌ಸ್ಟಿಕ್ಕಿನ ಗುದ್ದುವ ಬಟನ್ನು ಗರಿಗರಿಯಾಗಿತ್ತು. ಸಿದ್ದು ಅದನ್ನೇ ಎತ್ತಿಕೊಂಡ. ಆಟ ಶುರುವಾಯಿತೋ ಇಲ್ಲವೋ, ಮಾವನ ಪೈಲ್ವಾನ ಕಟ್ಟು ಬಿಚ್ಚಿದ ಹೋರಿಯಂತೆ ನುಗ್ಗಿದ. "ಎಗರಿ! ಒದೀರಿ! ಹಿಡೀರಿ!" ಎಂದು ದಾಸಯ್ಯ ಒಂದೇ ಉಸಿರಿಗೆ ಮೂರು ಬುದ್ಧಿ ಹೇಳಿದ. ಮೂರನ್ನೂ ಒಟ್ಟಿಗೆ ಮಾಡಲು ಹೋದ ಸಿದ್ದುವಿನ ಪೈಲ್ವಾನ ಮೂಲೆಯಲ್ಲಿ ನೆನೆದ ಗೋಣಿಚೀಲದಂತೆ ಕುಸಿದ.

ಎರಡನೇ ಆಟದಲ್ಲಿ ಅದೃಷ್ಟ ಸ್ವಲ್ಪ ತಿರುಗಿತು. ಸಿದ್ದುವಿನ ಒಂದೆರಡು ಗುದ್ದು ತಗುಲಿ ಮಾವನ ಪೈಲ್ವಾನ ತೂರಾಡಿದ. "ಹಂಗೇ ಕೊಡಿ!" ಎಂದು ದಾಸಯ್ಯ ಸಂತೋಷದಲ್ಲಿ ಸಿದ್ದುವಿನ ಬೆನ್ನಿಗೆ ಒಂದು ಕೊಟ್ಟ. ಜಾಯ್‌ಸ್ಟಿಕ್ಕು ಹಾರಿ ಮಂಚದ ಕೆಳಗೆ ಹೋಯಿತು. ಅದನ್ನು ಹುಡುಕಿ ತರುವಷ್ಟರಲ್ಲಿ ಆಟ ಮುಗಿದಿತ್ತು.

ಸಿದ್ದು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋದ. ಬಾಗಿಲ ಸಂದಿಯಲ್ಲಿ ಆಶಾ ನಿಂತಿದ್ದಳು. "ನನ್ ಗಂಡ ಒಂದ್ಸಲನಾದ್ರೂ ಗೆಲ್ಬಾರ್ದಾ? ನಂಗೂ ನಮ್ಮನೆ ನೆನಪಾಗ್ತದೆ ಕಣ್ರೀ" ಎಂದಳು. ಅವಳ ದನಿ ಸಣ್ಣಗಾಗಿತ್ತು. ಸಿದ್ದು ಕುಡಿಯದೆಯೇ ನೀರಿನ ಲೋಟ ಕೆಳಗಿಟ್ಟ.

ಅತ್ತೆ ಸುಲೋಚನಮ್ಮ ಒಲೆಯ ಮೇಲಿನ ರೊಟ್ಟಿ ಮಗುಚುತ್ತ, ತಲೆ ಎತ್ತದೆ ಹೇಳಿದರು. "ಗುದ್ದೋ ಬಟನ್ ನೋಡ್ಕೊಂಡು ಯಾಕ್ ತಗೊಂಡ್ರಿ? ಕಪ್ಪುದ್ರಲ್ಲಿ ಹಿಂದಕ್ಕೆ ಹೋಗೋ ಬಾಣದ ಬಟನ್ ಸತ್ತೋಗೈತೆ. ಕೆಂಪುದು ತಗಳ್ಳಿ."

"ಹಿಂದಕ್ಕೆ ಹೋದ್ರೆ ಗೆಲ್ಲೋದು ಹೆಂಗೆ, ಅತ್ತೆ?"

"ನಾನು ಗೆದ್ದಂಗೆ. ಮದ್ವೆಯಾದಾಗಿಂದ ನೋಡ್ತಿದೀನಿ, ನಿಮ್ಮಾವ ನುಗ್ಗೋದೊಂದೇ ಬಲ್ಲರು. ಕೂಗಾಡ್ತಾರೆ, ಹಾರಾಡ್ತಾರೆ. ನಾನು ಸುಮ್ನೆ ಅಕ್ಕಿ ಆರಿಸ್ತಿರ್ತೀನಿ. ಕೂಗಿ ಕೂಗಿ ಉಸಿರು ತಗೊಳ್ಳಕ್ಕೆ ನಿಲ್ತಾರಲ್ಲ, ಆಗ ಒಂದೇ ಮಾತು ಹೇಳ್ತೀನಿ. ಅಷ್ಟೇ."

ಸಿದ್ದು ಹೋಗಿ ಕೆಂಪು ಜಾಯ್‌ಸ್ಟಿಕ್ಕು ಹಿಡಿದು ಕೂತ. ಮಾವನ ಪೈಲ್ವಾನ ನುಗ್ಗಿದ. ಸಿದ್ದು ಹಿಂದಿನ ಬಾಣ ಒತ್ತಿ ಕೈ ಅಡ್ಡ ಇಟ್ಟುಕೊಂಡ. ಹತ್ತು ಕಡೆಯಿಂದ ಒದೆ ಬಿತ್ತು. "ಹೊಡೀರಿ ಅಂತೀನಿ!" ಎಂದು ದಾಸಯ್ಯ ಅರಚಿದ. ಸಿದ್ದು ಮನಸ್ಸಿನಲ್ಲೇ ಅಕ್ಕಿ ಆರಿಸುತ್ತಿದ್ದ. ಮಾವ ರೇಗಿ ಮೇಲಕ್ಕೆ ಹಾರಿ ಒದ್ದರು, ಗುರಿ ತಪ್ಪಿತು, ಪೈಲ್ವಾನ ಬೆನ್ನು ಹಾಕಿ ಇಳಿದ. ಸಿದ್ದು ಒಂದು ಕೊಟ್ಟು ಮತ್ತೆ ಹಿಂದೆ ಸರಿದ. ಮತ್ತೊಮ್ಮೆ ಹಾರಿದರು, ಮತ್ತೊಂದು ಕೊಟ್ಟ. ಕೊನೆಗೆ ಮಾವನ ಪೈಲ್ವಾನ ಅಂಗಾತ ಬಿದ್ದವನು ಏಳಲೇ ಇಲ್ಲ.

ವೀರಭದ್ರಯ್ಯನವರು ನಿಧಾನವಾಗಿ ಎದ್ದು ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟರು. "ಗೆದ್ಬುಟ್ರಿ ಅಳಿಯಂದ್ರೆ. ಕರ್ಕೊಂಡೋಗಿ ನಿಮ್ಮ ಹೆಂಡ್ತೀನ." ಅಷ್ಟು ಹೇಳಿ, ತಲೆ ತಗ್ಗಿಸಿ ಕೋಣೆಯೊಳಗೆ ಹೋದರು.

ಸಿದ್ದುವಿನ ಗೆಲುವೆಲ್ಲ ಇಳಿದುಹೋಯಿತು. ಕಾಲು ನೋವಿನಲ್ಲಿ ಮನುಷ್ಯನಿಗೆ ಇದ್ದದ್ದು ಅದೊಂದೇ ಖುಷಿ. ಅದನ್ನೂ ಕಿತ್ತುಕೊಂಡೆನಲ್ಲ ಎನಿಸಿ, ಆಶಾ ಬ್ಯಾಗು ಹಿಡಿದು ಬಂದರೂ ಅವನಿಗೆ ನಗು ಬರಲಿಲ್ಲ. ಕೋಣೆಯ ಬಾಗಿಲಿಗೆ ಹೋಗಿ ಮೆತ್ತಗೆ ಹೇಳಿದ.

"ಮಾವ, ಬೇಜಾರು ಮಾಡ್ಕೋಬೇಡಿ. ಯಾವಾಗ ಬೇಕಾದ್ರೂ ನಮ್ಮನೆಗೆ ಬನ್ನಿ. ಇನ್ನೊಂದಾಟ ಆಡಾನ."

ಬಾಗಿಲು ತೆರೆಯಿತು. ಮಾವ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ ಹಾಕಿ, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿ ನಿಂತಿದ್ದರು. "ಯಾವಾಗ ಬೇಕಾದ್ರೂ ಯಾಕೆ? ಈಗ್ಲೇ ಬತ್ತೀನಿ. ಸೋತೋನು ಸುಮ್ನಿರಕ್ಕಾಯ್ತದಾ?"

ಸಿದ್ದು ಅತ್ತೆಯ ಕಡೆ ನೋಡಿದ. ಸುಲೋಚನಮ್ಮ ಆಗಲೇ ಗಂಡನ ಚೀಲ ತಂದು ಜಗುಲಿಯಲ್ಲಿಟ್ಟಿದ್ದರು. ಮಾತ್ರೆ, ಶಾಲು, ಬುತ್ತಿ ಎಲ್ಲ ಅಚ್ಚುಕಟ್ಟಾಗಿ ತುಂಬಿತ್ತು; ಈಗಿಂದೀಗ ತುಂಬಿದ ಚೀಲವಲ್ಲ ಅದು.

"ಬೆಳಿಗ್ಗೇನೇ ಕಟ್ಟಿಟ್ಟಿದ್ದೆ" ಎಂದರು ಅತ್ತೆ, ಅಳಿಯನ ಕಣ್ಣು ತಪ್ಪಿಸಿ. "ನಿಧಾನಕ್ಕೆ ಬರ್ಲಿ. ಅವಸರ ಏನಿಲ್ಲ."

ಅವರು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಟಿವಿ ಧಾರಾವಾಹಿಯ ಸಂಗೀತ ಜೋರಾಗಿ ಕೇಳಿಸಿತು. "ಬನ್ನಿ ದಾಸಯ್ಯ, ಕೂತ್ಕೊಳ್ಳಿ. ಎಷ್ಟು ದಿನ ಆಗಿತ್ತು ಇದ್ನ ನೋಡಿ!" ಎನ್ನುವ ಅತ್ತೆಯ ದನಿಯೂ ಕೇಳಿಸಿತು.

ಆಲೂರಿನ ಬಸ್ಸಿನಲ್ಲಿ ಎರಡೇ ಸೀಟು ಖಾಲಿಯಿದ್ದವು. ಕಿಟಕಿಯ ಪಕ್ಕ ಆಶಾ ಕೂತಳು, ಅವಳ ಪಕ್ಕ ಅವಳಪ್ಪ. ಸಿದ್ದು ಟಿವಿ ಗೇಮನ್ನು ಕೂಸಿನಂತೆ ಅವುಚಿಕೊಂಡು ನಿಂತ. ಆಶಾ ಅವನತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಷ್ಟೋ ವಾರದ ಮೇಲೆ ಕಂಡ ಆ ನಗುವಿಗೆ ಅವನೂ ಸೋತು ನಕ್ಕುಬಿಟ್ಟ.

ವೀರಭದ್ರಯ್ಯನವರು ತಿರುಗಿ ಕೇಳಿದರು. "ಅಳಿಯಂದ್ರೆ, ನಿಮ್ಮನೇಲಿ ಟಿವಿ ಮಲಗೋ ಕೋಣೇಲಿ ಐತೆ ಅಂದ್ಲು ಆಶಾ. ಒಳ್ಳೇದೇ ಆಯ್ತು ಬುಡಿ. ನಾನು ಅಲ್ಲೇ ಮಲೀಕೊತೀನಿ."