ಬಿಸಿಲಿನ ವೈರಿ ಕುರಿ ಕಾಯ್ದದ್ದು

ಹಿರಿಯೂರಿನಲ್ಲಿದ್ದುಕೊಂಡೇ ಸೂರ್ಯನ ಜೊತೆ ಮಾತು ಬಿಟ್ಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಅಕ್ಕನನ್ನೇ ಮದುವೆಯಾಗಿದ್ದೇನೆ!

ನನ್ನ ಭಾವಮೈದ ಚರ್ಮದ ಡಾಕ್ಟರು. ಬಾಗಿಲಿನಿಂದ ಕಾರಿನವರೆಗೂ ಕೊಡೆ ಹಿಡಿದೇ ನಡೆಯುತ್ತಾನೆ. ಮದುವೆಮನೆಯಲ್ಲಿ ಗುಂಪು ಫೋಟೊಗೆ ನಿಂತರೆ, ಮದುಮಕ್ಕಳ ಸಮೇತ ಎಲ್ಲರನ್ನೂ ನೆರಳಿಗೆಳೆದು ಬಿಸಿಲು, ಕ್ಯಾನ್ಸರ್ ಎಂದು ಪಾಠ ಶುರು ಮಾಡುತ್ತಾನೆ. ಆ ಫೋಟೊಗಳಲ್ಲಿ ಯಾರ ಮುಖವೂ ಕಾಣುವುದಿಲ್ಲ, ಚರ್ಮ ಮಾತ್ರ ಕ್ಷೇಮ! ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವ ನನ್ನನ್ನೂ ಬಿಟ್ಟವನಲ್ಲ. ಊಟ ಮುಗಿಸಿ ಪೇಟೆಗೆ ಹೊರಟರೆ ಅಡ್ಡ ನಿಲ್ಲುತ್ತಾನೆ.

"ಭಾವ, ಬಿಸಿಲು ಇಳೀಲಿ."

"ಅದು ಇಳಿಯೋ ಹೊತ್ತಿಗೆ ನನಗೆ ಕಾಫಿ ಕುಡಿಯೋದಿರುತ್ತಪ್ಪ!"

ಒಮ್ಮೆ ದಾರಿಯಲ್ಲಿ ಕಾರು ನಿಲ್ಲಿಸಿ, ಬಾಯಿಗೆ ಟವಲು ಸುತ್ತಿಕೊಂಡಿದ್ದ ಯಲ್ಲದಕೆರೆಯ ಕುರಿಗಾಹಿ ಅಜ್ಜನೊಬ್ಬನಿಗೆ ಬಿಸಿಲಿಗೆ ಹಚ್ಚುವ ಕ್ರೀಮು ಕೊಟ್ಟಿದ್ದ. ವಾರದಲ್ಲೇ ಅಜ್ಜ ಖಾಲಿ ಟ್ಯೂಬು ಹಿಡಿದು ಬಂದ. ನಾನೂ ದವಾಖಾನೆಯಲ್ಲೇ ಇದ್ದೆ.

"ಇಷ್ಟು ಬೇಗ ಮುಗೀತಾ ಅಜ್ಜ?"

"ಕುರಿಗೆ ಹಚ್ಚಿದೆ ಸಾಮಿ. ಮೊನ್ನೆ ಉಣ್ಣೆ ಕತ್ತರ್ಸೀವಿ. ಬರೀ ಮೈಗೆ ಬಿಸಿಲು ಬಡೀಬಾರ್ದು ಅಂತ ನೀವೇ ಹೇಳಿದ್ರಲ್ಲ!"

ಅಂತೂ ಪಾಠ ಮುಟ್ಟಿತ್ತು, ಮಂದೆಗೆ!

ನಗುತ್ತಿದ್ದ ಭಾವಮೈದ ಸಟ್ಟನೆ ನಿಲ್ಲಿಸಿದ. ಅಜ್ಜನ ಕೆಳದುಟಿಯ ಮೇಲೆ ಹಕ್ಕಳೆಗಟ್ಟಿದ ಹುಣ್ಣು.

"ಇದು ಯಾವಾಗಿಂದ?"

"ಯುಗಾದಿಗಿಂತ ಮುಂಚೆ ಬೀಡಿ ಸುಟ್ಟಿದ್ದು, ಬಿಡ್ರಿ."

"ಬೀಡಿ ಗಾಯ ಇಷ್ಟು ದಿನ ಇರಲ್ಲ. ಬಿಸಿಲಿಂದ ಬಂದ ಕ್ಯಾನ್ಸರ್ ಇರಬಹುದು. ಈಗ ತೆಗೆಸಿದ್ರೆ ಹೋಗುತ್ತೆ, ಬಿಟ್ರೆ ಹಬ್ಬುತ್ತೆ. ನಾಳೆನೇ ದುರ್ಗಕ್ಕೆ ಹೋಗು."

"ಕುರಿ ಯಾರು ಕಾಯ್ತಾರೆ? ನೀವು ಕಾಯ್ತೀರೇನು?"

"ಕಾಯ್ತೀನಿ!"

ಮರುದಿನ ದವಾಖಾನೆಗೆ ಬೀಗ ಬಿತ್ತು. ಡಾಕ್ಟರು ಬಯಲಿಗೆ, ಅಜ್ಜ ನನ್ನ ಕಾರಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ. ಅಲ್ಲಿ ಹುಣ್ಣು ಕತ್ತರಿಸಿ ಹೊಲಿಗೆ ಹಾಕಿದರು. ಅದು ಕ್ಯಾನ್ಸರೇ, ಆದರೆ ಪೂರ್ತಿ ಹೋಗಿದೆ ಎಂಬ ವರದಿ ಬಂದದ್ದು ಆಮೇಲೆ.

ನಾವು ವಾಪಸು ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಭಾವಮೈದ ಕುರಿಗಳ ನಡುವೆ ಬರಿದಲೆಯಲ್ಲಿ ನಿಂತಿದ್ದಾನೆ! ಮುಖ, ಕತ್ತು ಕೆಂಪೋ ಕೆಂಪು.

"ಕೊಡೆ ಎಲ್ಲಯ್ಯಾ?"

"ಬಿಚ್ಚಿದ್ರೆ ಕುರಿ ಬೆದರಿ ಓಡ್ತವೆ ಭಾವ!"

"ಟೋಪಿ?"

"ಮೇಕೆ ತಿಂತು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜ ನಗಲಿಲ್ಲ. ಹೊಲಿದ ತುಟಿಯಲ್ಲಿ ಮಾತೂ ಹೊರಡುವಂತಿರಲಿಲ್ಲ. ಡಾಕ್ಟರ ಮುಂಗೈ ಹಿಡಿದು ಕರೆದುಕೊಂಡು ಹೋಗಿ ಜಾಲಿಮರದ ಕೆಳಗೆ ಕೂರಿಸಿದ. ಹೆಗಲ ಮೇಲಿನ ಟವಲನ್ನು ನೀರಲ್ಲಿ ಅದ್ದಿ, ಹಿಂಡಿ, ಆ ಸುಟ್ಟ ಕತ್ತಿನ ಮೇಲೆ ಮೆಲ್ಲಗೆ ಹರಡಿದ. ನನ್ನ ಭಾವಮೈದ ಕಣ್ಣು ಮುಚ್ಚಿಕೊಂಡು, ಅಮ್ಮನ ಕೈಯಲ್ಲಿ ತಲೆ ಒರೆಸಿಕೊಳ್ಳುವ ಕೂಸಿನ ಹಾಗೆ, ಸುಮ್ಮನೆ ಕುಳಿತಿದ್ದ.