ಮಷಿನ್ನಿನ ಹಣೆಗೆ ವಿಭೂತಿ

ವಯಸ್ಸಾದ ಮೇಲೆ ಏನಾದರೂ ಹೊಸದು ಕಲಿತರೆ ಜನ ಹೊಗಳುತ್ತಾರೆ, ಯಾಕೆ ಕಲಿತಿರಿ ಎಂದು ಮಾತ್ರ ಕೇಳುವುದಿಲ್ಲ. ಎಪ್ಪತ್ತು ದಾಟಿದ ನಾನು ಫೋನಿನಲ್ಲಿ ಕನ್ನಡ ಟೈಪು ಮಾಡುತ್ತೇನೆಂದು ನಮ್ಮ ಸೊಸೆ ರಶ್ಮಿ ಇಡೀ ಬಳಗಕ್ಕೆ ಸಾರಿಕೊಂಡು ಬಂದಿದ್ದಾಳೆ. ನಾನು ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ, ಅದು ಬೇರೆ ಮಾತು. ಕಲಿತದ್ದಕ್ಕೆ ಕಾರಣವೊಂದಿದೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯಲ್ಲಿರುವ ಮರ ಕೊಯ್ಯುವ ಮಷಿನ್ನಿನ ವಿಷಯ ಹೇಳಬೇಕು.

ಅದು ಪೆಟ್ರೋಲಿನಲ್ಲಿ ಓಡುವ ಗರಗಸ. ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಮಳೆ ಬಂದಾಗಲೆಲ್ಲ ಹೊಂಗೆಯ ಕೊಂಬೆ ಮುರಿದು ದಾರಿಗಡ್ಡ ಬೀಳುತ್ತದೆಂದು ಬೀದಿಯ ಸಂಘದವರು ಕೊಂಡದ್ದು. ಯಾರ ಮನೆಯಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ನಮ್ಮ ಮನೆಯವರು ಎರಡೂ ಕೈ ಎತ್ತಿದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಹೊಸತರಲ್ಲಿ ಸರ್ವಿಸ್ ಮಾಡಲು ಏನೂ ಸಿಗದೆ ನನ್ನ ಅಡುಗೆಮನೆಗೆ ನುಗ್ಗಿದ್ದರು. ಕುಕ್ಕರಿನ ಹಿಡಿಯನ್ನು ಎಷ್ಟು ಬಿಗಿ ಮಾಡಿದರೆಂದರೆ ಒಳಗಿದ್ದ ಬೇಳೆ ಹೊರಗೆ ಬರಲು ಸಂಜೆಯಾಯಿತು. ಇಪ್ಪತ್ತು ವರ್ಷ ಪಳಗಿಸಿದ ನನ್ನ ದೋಸೆ ಹಂಚನ್ನು ಎಮರಿ ಪೇಪರಿನಿಂದ ಉಜ್ಜಿ ಮುಖ ನೋಡಿಕೊಳ್ಳುವ ಹಾಗೆ ಹೊಳೆಸಿದರು. ಆರು ತಿಂಗಳು ಆ ಹಂಚಿನಿಂದ ಒಂದು ದೋಸೆಯೂ ಇಡಿಯಾಗಿ ಎದ್ದು ಬರಲಿಲ್ಲ. ಆದ್ದರಿಂದ ಮಷಿನ್ ಮನೆಗೆ ಬಂದ ದಿನ ಅವರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು.

ಅಂದಿನಿಂದ ಭಾನುವಾರವೆಂದರೆ ಅದರ ಸೇವೆ. ಅಂಗಳದಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಮಷಿನ್ ಮಲಗಿಸಿ, ಮುಚ್ಚಳ ಬಿಚ್ಚುತ್ತಾರೆ. ದುಂಡು ಅರ ಹಿಡಿದು ಚೈನಿನ ಹಲ್ಲುಗಳನ್ನು ಒಂದೊಂದಾಗಿ ಮಸೆಯುತ್ತಾರೆ. ಪ್ರತಿ ಹಲ್ಲಿಗೂ ಮೂರೇ ಸಲ, ಅದೂ ಒಂದೇ ದಿಕ್ಕಿಗೆ. ತಮ್ಮ ಬಾಯಲ್ಲಿ ಉಳಿದಿರುವುದು ಹನ್ನೊಂದು ಹಲ್ಲು, ಅವುಗಳನ್ನು ಡಾಕ್ಟರಿಗೆ ತೋರಿಸಿ ಎಂದರೆ ಬಿಡುವಿಲ್ಲ. ಆಮೇಲೆ ಚೈನು ಎತ್ತಿ ನೋಡಿ ಸಡಿಲವೋ ಬಿಗಿಯೋ ಎಂದು ತೀರ್ಮಾನಿಸುತ್ತಾರೆ, ಪ್ಲಗ್ಗು ಒರೆಸುತ್ತಾರೆ, ಚೈನಿಗೊಂದು ಎಣ್ಣೆ, ಪೆಟ್ರೋಲಿಗೆ ಬೆರೆಸಲು ಇನ್ನೊಂದು ಎಣ್ಣೆ ಹಾಕುತ್ತಾರೆ. ಕೊನೆಗೆ ಏರ್ ಫಿಲ್ಟರ್. ಗಾಳಿ ಸೋಸುವ ಜರಡಿ ಅದು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ತಿಕ್ಕುತ್ತಾರೆ. ಬ್ರಷ್ ನನ್ನದು. ಹಳೆಯದಾಗಿರಲಿಲ್ಲ.

"ಮುಟ್ಬೇಡ ಕಣೇ, ಇದು ಮಷಿನ್ನಿನ ಮೂಗು. ಇದು ಕಟ್ಟಿತು ಅಂದ್ರೆ ಕಥೆ ಮುಗೀತು" ಎಂದು ನನಗೆ ಹೇಳಿದ್ದರು. ನಾನು ಆಗ ಬ್ರಷ್ಷಿನ ದುಃಖದಲ್ಲಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಹೋದ ಆಯುಧಪೂಜೆಯ ದಿನ ಇವರು ಬೆಳಿಗ್ಗೆಯೇ ಸರ್ವಿಸ್ ಮುಗಿಸಿ, ಫಿಲ್ಟರ್ ಸೋಪುನೀರಿನಲ್ಲಿ ತೊಳೆದು ಒಣಗಿಸಿ ಕೂರಿಸಿ, ಮುಚ್ಚಳ ಪಕ್ಕದಲ್ಲಿಟ್ಟು ಸ್ನಾನಕ್ಕೆ ಹೋದರು. ನಾನು ಪೂಜೆಯ ತಟ್ಟೆ ಹಿಡಿದು ಬಂದೆ. ನಾವು ದಾವಣಗೆರೆ ಕಡೆಯವರು. ನಮ್ಮಲ್ಲಿ ವಿಭೂತಿ ಎಂದರೆ ಸುಮ್ಮನೆ ತಾಗಿಸುವುದಲ್ಲ, ನೀರಿನಲ್ಲಿ ತೇಯ್ದು ಮೂರು ಬೆರಳಲ್ಲಿ ಗಟ್ಟಿಯಾಗಿ ಎಳೆಯುವುದು. ಸ್ಕೂಟರಿಗೆ ಎಳೆದೆ, ಮಿಕ್ಸಿಗೆ ಎಳೆದೆ, ಈಳಿಗೆಮಣೆಗೂ ಎಳೆದೆ. ಮಷಿನ್ನಿನ ಮುಂದೆ ಕೂತಾಗ, ಅದರ ನಡುವೆ ಅಂಗೈಯಗಲದ ಬಿಳಿಯ ಜಾಗ ಥೇಟ್ ಹಣೆಯ ಹಾಗೆಯೇ ಕಂಡಿತು. ಮೂರು ಪಟ್ಟೆ ಎಳೆದೆ. ತೆಳ್ಳಗಾಯಿತೆನಿಸಿ ಮೇಲೆ ಇನ್ನೊಮ್ಮೆ ಎಳೆದೆ. ಹೂವು ಇಡಲು ಸಮತಟ್ಟು ಬೇಕಲ್ಲ, ಮುಚ್ಚಳ ಹಾಕಿ ತಿರುಪು ಬಿಗಿ ಮಾಡಿ ಸೇವಂತಿಗೆ ಇಟ್ಟೆ. ಸ್ನಾನ ಮುಗಿಸಿ ಬಂದವರು ಮುಚ್ಚಳ ತಾವೇ ಹಾಕಿದ್ದೆಂದುಕೊಂಡರು. ಅವರ ಮರೆವು ನನಗೆ ಎಷ್ಟೋ ಸಲ ಉಪಕಾರ ಮಾಡಿದೆ.

ಪೂಜೆಯ ಮರುದಿನ ಮಷಿನ್ ಮುಟ್ಟಬಾರದೆಂಬುದು ಅವರ ಕಾರ್ಖಾನೆಯ ಪದ್ಧತಿ. ಅದರ ಮಾರನೆಯ ದಿನ ಬೆಳಿಗ್ಗೆ ಮಳೆಗೆ ಕೊಂಬೆ ಬಿತ್ತು. ಆಚೆ ನೀರಿನ ಟ್ಯಾಂಕರ್ ನಿಂತು ಹಾರನ್ ಹೊಡೆಯತೊಡಗಿತು. ಇವರು ಕನ್ನಡಕ, ಕೈಗವಸು ಹಾಕಿಕೊಂಡು ಮಷಿನ್ ತಂದು ಅದನ್ನು ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಮಷಿನ್ ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ಸುಮ್ಮನಾಯಿತು. ಇಪ್ಪತ್ತು ಸಲ ಎಳೆದರು, ಇಪ್ಪತ್ತು ಸಲವೂ ಅದೇ.

ಸಂಘದ ಕಾರ್ಯದರ್ಶಿ ಸಿದ್ದೇಶಪ್ಪ ಇಂಥದ್ದಕ್ಕೇ ಕಾಯುತ್ತಿದ್ದ ಮನುಷ್ಯ. "ಸಾರ್, ಬೇಜಾರ್ ಮಾಡ್ಕೋಬೇಡಿ. ನಿಮಗೂ ವಯಸ್ಸಾಯ್ತು. ಇದನ್ನ ಯಾವುದಾದ್ರೂ ಏಜೆನ್ಸಿಗೆ ವಹಿಸಿಬಿಡೋಣ, ಅವರೇ ಇಟ್ಕೊಂಡು ನೋಡ್ಕೋತಾರೆ."

"ಮೊನ್ನೆ ತಾನೇ ಸರ್ವಿಸ್ ಮಾಡಿದೀನಿ ಸಾರ್. ಪೆಟ್ರೋಲ್ ಸರಿ ಇಲ್ಲ ಅನ್ಸುತ್ತೆ" ಎಂದರು ಇವರು. ದನಿಯಲ್ಲಿ ಜೀವವಿರಲಿಲ್ಲ. ಪೆಟ್ರೋಲು ಬದಲಾಯಿತು, ಪ್ಲಗ್ಗು ಬದಲಾಯಿತು. "ಹನ್ನೊಂದು ಗಂಟೆವರೆಗೂ ನೋಡೋಣ ಬಿಡಿ. ಆಗ್ಲಿಲ್ಲ ಅಂದ್ರೆ ಏಜೆನ್ಸಿನೇ" ಎಂದು ಸಿದ್ದೇಶಪ್ಪ ಗಡಿಯಾರ ನೋಡಿಕೊಂಡರು.

ನಾನು ಗೇಟಿನ ಬಳಿ ನಿಂತಿದ್ದೆ. 'ಮೂಗು' ಎಂಬ ಮಾತು ಆಗ ನೆನಪಾಯಿತು. ನಾನು ಹಣೆ ಎಂದುಕೊಂಡದ್ದು ಅದೇ ಎಂದು ಹೊಳೆಯಿತು. ಸುಮ್ಮನಿದ್ದುಬಿಡಬಹುದಿತ್ತು. ಇದ್ದೆ ಕೂಡ, ಐದು ನಿಮಿಷ. ಆದರೆ ಮಷಿನ್ ಹೋದರೆ ಮುಂದಿನ ಭಾನುವಾರ ಇವರು ಎಲ್ಲಿ ಕೂರುತ್ತಾರೆಂದು ಯೋಚಿಸಿದಾಗ, ಮತ್ತೆ ಪಳಗಿದ್ದ ನನ್ನ ದೋಸೆ ಹಂಚು ಕಣ್ಣಮುಂದೆ ಬಂತು. ನೀರಿನ ಲೋಟ ಕೊಡುವ ನೆಪದಲ್ಲಿ ಹತ್ತಿರ ಹೋದೆ.

"ರೀ, ಫಿಲ್ಟರ್ ನೋಡಿ."

"ಅದನ್ನ ಮೊನ್ನೆ ತೊಳೆದಿದೀನಿ ಕಣೇ."

"ತೊಳೆದಿದೀರಿ. ಆಮೇಲೆ ನಾನು ಪೂಜೆ ಮಾಡಿದೀನಿ."

ಅವರು ನನ್ನ ಮುಖ ನೋಡಿದರು. ಮದುವೆಯಾಗಿ ಐವತ್ತು ವರ್ಷವಾದ ಮೇಲೆ ಬೈಗುಳಕ್ಕೆ ಮಾತು ಬೇಕಾಗುವುದಿಲ್ಲ. ಜನಕ್ಕೆ ಬೆನ್ನು ಮಾಡಿ ಕೂತು ಮುಚ್ಚಳ ಬಿಚ್ಚಿದರು. ವಿಭೂತಿ ಗೋಡೆಗೆ ಬಳಿದ ಗಾರೆಯಂತೆ ಒಣಗಿ ಕೂತಿತ್ತು. ತಟ್ಟಿದಾಗ ಚಕ್ಕೆ ಚಕ್ಕೆಯಾಗಿ ಉದುರಿತು.

ಸಿದ್ದೇಶಪ್ಪ ಬಗ್ಗಿದರು. "ಏನ್ ಸಾರ್ ಅದು, ಬೆಳ್ಳಗೆ?"

"ಡಸ್ಟು ಸಾರ್" ಎಂದರು ಇವರು, ತಲೆ ಎತ್ತದೆ. "ನಮ್ಮ ಏರಿಯಾ ಗಾಳಿ ಗೊತ್ತಲ್ಲ."

"ಹೌದು ಸಾರ್, ನಮ್ಮನೆ ಕಿಟಕೀಲೂ ಹಿಂಗೇ ಕೂರುತ್ತೆ" ಎಂದು ಬೀದಿಯವರೆಲ್ಲ ಒಪ್ಪಿದರು. ಫಿಲ್ಟರ್ ತೊಳೆದು, ಒಣಗಿಸಿ ಹಾಕಿ ಎಳೆದರೆ ಮೂರನೆಯ ಎಳೆತಕ್ಕೇ ಮಷಿನ್ ಗುರ್ರೆಂದಿತು. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೊಂಬೆ ತುಂಡಾಯಿತು, ಟ್ಯಾಂಕರ್ ಒಳಗೆ ಬಂತು, ಏಜೆನ್ಸಿಯ ಮಾತು ಮತ್ತೆ ಬರಲಿಲ್ಲ. ಇವರು ಮನೆಗೆ ಬಂದವರೇ ಮಷಿನ್ನಿನ ಮುಚ್ಚಳದ ಮೇಲೆ ಮಾರ್ಕರಿನಿಂದ ರೂಪಾಯಿಯಗಲದ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ 'ಪೂಜೆ ಇಲ್ಲಿ ಮಾತ್ರ' ಎಂದು ಬರೆದಿಟ್ಟರು.

ಇನ್ನು ಟೈಪಿನ ವಿಷಯ. ಅದೇ ಆಯುಧಪೂಜೆಯ ದಿನ, ಮಗ ಕೊಡಿಸಿದ ಈ ಹೊಸ ಫೋನಿಗೂ ನಾನು ವಿಭೂತಿ ಎಳೆದಿದ್ದೆ. ಹಣೆಯ ಭಾಗದಲ್ಲಿ, ಸಣ್ಣ ತೂತುಗಳಿರುವ ಕಡೆ, ಗಟ್ಟಿಯಾಗಿಯೇ. ಅಂದಿನಿಂದ ಯಾರು ಮಾತಾಡಿದರೂ ಬಾವಿಯ ತಳದಿಂದ ಮಾತಾಡಿದಂತೆ ಕೇಳುತ್ತದೆ. ದಾಸರಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಇನ್ನು ಮೇಲೆ ಬರೆದೇ ಕಳಿಸಿ ಎಂದು ಎಲ್ಲರಿಗೂ ಹೇಳಿದ್ದೇನೆ. ಅತ್ತೆಗೆ ಕಲಿಯುವ ಆಸೆ ಎಷ್ಟು ನೋಡಿ ಎಂದು ರಶ್ಮಿ ಹೆಮ್ಮೆಪಡುತ್ತಾಳೆ. ಮನೆಯವರು ಮಾತ್ರ ನಿನ್ನೆ ಫೋನನ್ನು ತಿರುಗಿಸಿ ನೋಡಿ, ಹಲ್ಲುಜ್ಜುವ ಬ್ರಷ್ ಎಲ್ಲಿದೆ ಎಂದು ಕೇಳಿದರು.